ಹದಿಮೂರನೆಯ ಜೊತೆ

ಬೂಟು ಸಾಹುಕಾರನಷ್ಟು ದೀನ ಮನುಷ್ಯ ಆ ಚರ್ಚಿನಲ್ಲಿ ಇನ್ನೊಬ್ಬನಿರಲಿಲ್ಲ. ಅನುಮಾನವಿದ್ದವರು ಅವನನ್ನೇ ಕೇಳಬಹುದಿತ್ತು, ಅವನು ಯಾವ ಸಂಕೋಚವೂ ಇಲ್ಲದೆ ಹೇಳುತ್ತಿದ್ದ. ಮೊದಲ ಸಾಲಿನ ಬೆಂಚಿನಲ್ಲಿ ಕೂರುತ್ತಿದ್ದುದೂ ದೀನತೆಯಿಂದಲೇ. ಹಿಂದೆಲ್ಲೋ ಕೂತರೆ ಜನ ಪ್ರಾರ್ಥನೆ ಬಿಟ್ಟು ತಿರುಗಿ ತಿರುಗಿ ತನ್ನನ್ನೇ ನೋಡುತ್ತಾರೆ, ಅವರ ಭಕ್ತಿಗೆ ತಾನೇಕೆ ಅಡ್ಡಿಯಾಗಬೇಕು ಎಂಬ ಕಾಳಜಿ ಅವನಿಗೆ. ಆ ಬೆಂಚನ್ನು ಮಾಡಿಸಿಕೊಟ್ಟವನೂ ಅವನೇ. ಅದರ ಬೆನ್ನಿಗೆ ಹಿತ್ತಾಳೆಯ ತಗಡು ಹೊಡೆಸಿ, 'ದೇವರ ಪಾದದ ಧೂಳಿಯಾದ ಒಬ್ಬ ಪಾಪಿಯ ಕಾಣಿಕೆ' ಎಂದು ಕೆತ್ತಿಸಿದ್ದ. ಹೆಸರು ಹಾಕಿಸಿರಲಿಲ್ಲ. ಪಾಪಿ ಯಾರೆಂದು ತಿಳಿಯದೆ ಜನ ತಲೆ ಕೆಡಿಸಿಕೊಳ್ಳಬಾರದಲ್ಲ, ಅದಕ್ಕೆ ಮೂಲೆಯಲ್ಲಿ ತನ್ನ ಅಂಗಡಿಯ ಗುರುತಾದ ಪುಟ್ಟ ಬೂಟಿನ ಚಿತ್ರವೊಂದನ್ನು ಮಾತ್ರ ಹಾಕಿಸಿದ್ದ.

ಅಂಗಡಿ ಮೂರು ಅಂತಸ್ತಿನದು. ಒಂದು ಕಾಲಕ್ಕೆ ಅವನು ಯಾರದೋ ಅಂಗಡಿಯಲ್ಲಿ ಗೇಣುದ್ದದ ಸ್ಟೂಲಿನ ಮೇಲೆ ಕೂತು, ಬಂದವರ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು ಬೂಟು ತೊಡಿಸುತ್ತಿದ್ದವನು. ಪಾದ ಕಂಡರೆ ಸಾಕು, ಅಳತೆಪಟ್ಟಿ ಮುಟ್ಟದೆ ನಂಬರ್ ಹೇಳುತ್ತಿದ್ದ. ಆ ವಿದ್ಯೆ ಈಗಲೂ ಇತ್ತು, ಪಾದ ಮುಟ್ಟುವ ಅಭ್ಯಾಸ ಮಾತ್ರ ತಪ್ಪಿ ಇಪ್ಪತ್ತು ವರ್ಷವಾಗಿತ್ತು. ಈಗ ಅವನು ಮೂರನೆಯ ಅಂತಸ್ತಿನ ಗಾಜಿನ ಕೋಣೆಯಲ್ಲಿ ಕೂತು ದೇವರಿಗೆ ಕೃತಜ್ಞನಾಗಿರುತ್ತಿದ್ದ. ಸಂಪತ್ತೆಂದರೆ ದೇವರು ನಂಬಿಕೆಯಿಂದ ಇಟ್ಟ ಒತ್ತೆ ಎಂದು ಅವನ ಅಭಿಪ್ರಾಯ, ಆ ನಂಬಿಕೆಗೆ ದ್ರೋಹ ಬಗೆದು ಅದನ್ನು ಯಾರಿಗಾದರೂ ಕೊಟ್ಟುಬಿಡುವ ಜಾಯಮಾನ ಅವನದಲ್ಲ. ದೇವರಿಗೆ ಬಡವರೆಂದರೆ ಬಹಳ ಪ್ರೀತಿ ಎಂದು ಚರ್ಚಿನ ಪ್ರವಚನಗಳಲ್ಲಿ ಕೇಳಿದ್ದ. ಅವರವರ ನಡುವೆ ತಾನು ಮೂಗು ತೂರಿಸುವುದು ಚೆನ್ನಾಗಿರುವುದಿಲ್ಲ ಎಂದು ದೂರವೇ ಉಳಿಯುತ್ತಿದ್ದ.

ಇಂಥವನಿಗೆ ಎರಡು ಗುಟ್ಟುಗಳಿದ್ದವು. ಒಂದು ಬಲಗಾಲಿನಲ್ಲಿತ್ತು, ಇನ್ನೊಂದು ರೈಲ್ವೆ ಗೇಟಿನ ಆಚೆ ಬಾಡಿಗೆ ಕೋಣೆಯಲ್ಲಿತ್ತು.

ಬಲಗಾಲಿನದು ಹೀಗೆ. ಅವನಿಗೆ ಸಕ್ಕರೆ ಕಾಯಿಲೆ. ಅಂಗಡಿಗೆ ಹೊಸದಾಗಿ ಬಂದ ಚೂಪು ಮೂತಿಯ ಕರಿ ಬೂಟನ್ನು ಮೊದಲು ತಾನೇ ಹಾಕಿಕೊಂಡು ಮೆರೆಯಬೇಕೆಂದು ಹೋಗಿ, ಹೆಬ್ಬೆರಳ ಬುಡದಲ್ಲಿ ಕಚ್ಚಿಸಿಕೊಂಡಿದ್ದ. ಅದು ಹುಣ್ಣಾಗಿ ಮೂರು ವಾರವಾಗಿತ್ತು. ಅಂಗಾಲು ಜೋಮು ಹಿಡಿದಂತಿದ್ದುದರಿಂದ ನೋವು ಅಷ್ಟಾಗಿ ಗೊತ್ತಾಗುತ್ತಿರಲಿಲ್ಲ, ವಾಸನೆ ಗೊತ್ತಾಗುತ್ತಿತ್ತು. ಬೂಟು ಮಾರುವವನನ್ನೇ ಬೂಟು ಕಚ್ಚಿತು ಎಂದರೆ ಊರು ನಗುವುದಿಲ್ಲವೆ? ಡಾಕ್ಟರಿಗೆ ಹೇಳಲಿಲ್ಲ, ಹೆಂಡತಿಗೂ ಹೇಳಲಿಲ್ಲ. ದಿನವೂ ಬಾಗಿಲು ಹಾಕಿಕೊಂಡು ಪೌಡರ್ ಸುರಿದು, ಸಾಕ್ಸ್ ಏರಿಸಿ, ಕುಂಟದೆ ನಡೆಯುವುದನ್ನು ಅಭ್ಯಾಸ ಮಾಡಿಕೊಂಡಿದ್ದ.

ರೈಲ್ವೆ ಗೇಟಿನ ಆಚೆ ಇದ್ದವಳು ಅವನ ಒಡಹುಟ್ಟಿದ ಅಕ್ಕ. ತಾಯಿ ಸತ್ತಾಗ ಅವನಿಗೆ ಎರಡು ವರ್ಷ, ಅವಳಿಗೆ ಹನ್ನೊಂದು. ಅವರಿವರ ಮನೆಯ ಬಟ್ಟೆ ಒಗೆದು ಅವನನ್ನು ದೊಡ್ಡವನನ್ನಾಗಿ ಮಾಡಿದ್ದಳು. ಅವನಿಗೆ ಶಾಲೆಗೆ ಹೊಸ ಬೂಟು ಬಂದ ವರ್ಷಗಳಲ್ಲಿ ಅವಳು ಯಾರೋ ಕೊಟ್ಟ ಸಣ್ಣ ಚಪ್ಪಲಿಯಲ್ಲೇ ಕಾಲು ತುರುಕಿಕೊಂಡು ನಡೆದಳು, ಅದಕ್ಕೇ ಅವಳ ಎರಡನೆಯ ಬೆರಳು ಹೆಬ್ಬೆರಳ ಮೇಲೆ ಹತ್ತಿ ಕೂತುಬಿಟ್ಟಿತ್ತು. ಹನ್ನೊಂದು ವರ್ಷದ ಹಿಂದೆ ಮೂರು ಅಂತಸ್ತಿನ ಅಂಗಡಿ ತೆರೆದ ದಿನ ಅವಳು ನೀಲಿ ಹವಾಯಿ ಚಪ್ಪಲಿ ಹಾಕಿಕೊಂಡು, ಕೈಯಲ್ಲೊಂದು ಸಿಹಿ ತಿಂಡಿಯ ಪೊಟ್ಟಣ ಹಿಡಿದುಕೊಂಡು ಬಂದಿದ್ದಳು. ಚಪ್ಪಲಿಯ ಬಾರಿಗೆ ಪಿನ್ನು ಚುಚ್ಚಿತ್ತು. ರಿಬ್ಬನ್ ಕತ್ತರಿಸಲು ಬಂದಿದ್ದ ದೊಡ್ಡ ಮನುಷ್ಯರು ಯಾರಿವರು ಎಂದು ಕೇಳಿದರು. ಸಾಹುಕಾರ ಅವಳ ಕಾಲ ಕಡೆ ಒಮ್ಮೆ ನೋಡಿ, ನಮ್ಮ ಹಳೇ ಬೀದಿಯವಳು ಎಂದುಬಿಟ್ಟ. ಅವಳು ಎರಡು ಮಾರು ದೂರದಲ್ಲಿದ್ದಳು, ಕಿವಿ ಚುರುಕಾಗಿತ್ತು. ಪೊಟ್ಟಣವನ್ನು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿಟ್ಟು ಹೊರಟುಹೋದಳು. ಅಲ್ಲಿಂದಾಚೆ ಅಕ್ಕ ತಮ್ಮ ಮಾತಾಡಿರಲಿಲ್ಲ. ಅವಳು ಬೆಳಗಿನ ಮೊದಲ ಪೂಜೆಗೆ ಬರುತ್ತಿದ್ದಳು, ಅವನು ಬಿಸಿಲೇರಿದ ಮೇಲಿನ ಪೂಜೆಗೆ. ಹೀಗೆ ಒಂದೇ ದೇವರನ್ನು ಇಬ್ಬರೂ ಎದುರುಬದುರಾಗದೆ ಹಂಚಿಕೊಂಡಿದ್ದರು.

ಆ ವರ್ಷ ಪವಿತ್ರ ಗುರುವಾರ ಹತ್ತಿರ ಬಂದಾಗ ಫಾದರ್ ಅವರ ಮಂಡಿಗೆ ಆಪರೇಷನ್ ಆಗಿತ್ತು. ಅಂದು ಸಂಜೆಯ ಪೂಜೆಯಲ್ಲಿ ಹನ್ನೆರಡು ಜನರ ಪಾದ ತೊಳೆಯುವುದು ಸಂಪ್ರದಾಯ. ಶಿಲುಬೆಗೇರುವ ಹಿಂದಿನ ರಾತ್ರಿ ಗುರುವಾದವನೇ ತನ್ನ ಹನ್ನೆರಡು ಶಿಷ್ಯರ ಮುಂದೆ ಬಗ್ಗಿ ಪಾದ ತೊಳೆದದ್ದರ ನೆನಪಿಗೆ ಅದು ನಡೆಯುತ್ತಿತ್ತು. ಈ ಸಲ ನನ್ನಿಂದ ಬಗ್ಗಲಾಗದು, ಮಂಡಳಿಯವರಲ್ಲೇ ಒಬ್ಬರು ತೊಳೆಯಲಿ, ತೊಳೆಸಿಕೊಳ್ಳುವವರು ಬಡವರಾಗಿರಲಿ ಎಂದು ಫಾದರ್ ಚರ್ಚಿನ ಆಡಳಿತ ಮಂಡಳಿಯ ಸಭೆಯಲ್ಲಿ ಹೇಳಿದರು. ಅಷ್ಟು ಹೇಳಿದ್ದೇ ತಡ, ಸಭೆಯಲ್ಲಿ ದೀನತೆಯ ಪೈಪೋಟಿ ಶುರುವಾಯಿತು.

ಮೊದಲು ಎದ್ದವರು ವಕೀಲರು. ಆ ಟವೆಲ್ ಹಿಡಿಯುವ ಯೋಗ್ಯತೆಯೂ ತನಗಿಲ್ಲ, ಆದ್ದರಿಂದಲೇ ತನಗೆ ಕೊಡಬೇಕು ಎಂದು ವಾದ ಮಂಡಿಸಿದರು. ಬೂಟು ಸಾಹುಕಾರ ಎದ್ದು, ತನಗೆ ಆ ಟವೆಲ್ ಹಿಂಡುವ ಯೋಗ್ಯತೆಯೂ ಇಲ್ಲ ಎಂದ. ವಕೀಲರು ತಮಗೆ ಅದನ್ನು ಒಣಹಾಕುವುದಕ್ಕೂ ಇಲ್ಲ ಎಂದರು. ಯೋಗ್ಯತೆ ಇಳಿಯುತ್ತಾ ಹೋದಂತೆ ಇಬ್ಬರ ದನಿಯೂ ಏರುತ್ತಾ ಹೋಯಿತು. ಮಂಡಿ ನೋವಿನಲ್ಲಿದ್ದ ಫಾದರ್ ಕೊನೆಗೆ, ನಿಮ್ಮಲ್ಲಿ ಯಾರಾದರೂ ಇನ್ನೊಬ್ಬರ ಪಾದ ಮುಟ್ಟಿದ್ದುಂಟೆ ಎಂದು ಕೇಳಿದರು. ಸಾಹುಕಾರ ಎದೆಯುಬ್ಬಿಸಿ, ತಾನು ಜನರ ಕಾಲು ಹಿಡಿದೇ ಮೇಲೆ ಬಂದವನು ಎಂದ. ಅದು ಎಲ್ಲರಿಗೂ ಗೊತ್ತಿರುವ ವಿಷಯವೇ ಎಂದು ವಕೀಲರು ಗೊಣಗಿದರು. ಆದರೂ ಟವೆಲ್ ಸಾಹುಕಾರನ ಪಾಲಾಯಿತು.

ಹನ್ನೆರಡು ಬಡವರನ್ನು ಹುಡುಕುವ ಕೆಲಸವೂ ಅವನದೇ. ಚರ್ಚಿನ ಗಂಟೆ ಹೊಡೆಯುವ, ದೀಪ ಹಚ್ಚುವ ಮುದುಕನೊಬ್ಬನಿದ್ದ, ಅವನನ್ನು ಎಲ್ಲರೂ ಗಂಟೆ ಮಾಮ ಎನ್ನುತ್ತಿದ್ದರು. ಅವನನ್ನು ಕರೆದುಕೊಂಡು ಸಾಹುಕಾರ ಕಾರಿನಲ್ಲಿ ಬಡವರ ಆಯ್ಕೆಗೆ ಹೊರಟ. ಬಡತನಕ್ಕೇನೂ ಬರವಿರಲಿಲ್ಲ, ಪಾದಗಳದ್ದೇ ತಕರಾರು. ಕಲ್ಲು ಒಡೆಯುವವನ ಹಿಮ್ಮಡಿ ಬಿರುಕು ಬಿಟ್ಟಿತ್ತು, ಹಮಾಲಿಯೊಬ್ಬನ ಉಗುರು ಹಾರಿಹೋಗಿತ್ತು, ಗುಡಿಸುವವಳ ಕಾಲು ಊದಿತ್ತು. ಸಾಹುಕಾರ ಕಾರಿನ ಕಿಟಕಿಯಿಂದಲೇ ನಂಬರ್ ಅಂದಾಜು ಮಾಡಿ ಬೇಡವೆಂದು ತಲೆಯಾಡಿಸುತ್ತಿದ್ದ. ಬಡವರಾಗಿರಲಿ, ಆದರೆ ಪಾದ ಇಷ್ಟೊಂದು ಬಡವಾಗಿದ್ದರೆ ಹೇಗೆ, ಫೋಟೋದವನು ಬೇರೆ ಬರುತ್ತಾನೆ ಎಂದು ಗಂಟೆ ಮಾಮನಿಗೆ ತಿಳಿಹೇಳಿದ. ಮೂರು ಸುತ್ತು ಸುತ್ತಿದರೂ ಊರಿನಲ್ಲಿ ಹನ್ನೆರಡು ಜೊತೆ ಅಂದವಾದ ಬಡ ಪಾದಗಳು ಸಿಗಲಿಲ್ಲ. ಕೊನೆಗೆ ಕಲ್ಲು ಒಡೆಯುವವನನ್ನೂ ಹಮಾಲಿಯನ್ನೂ ಗುಡಿಸುವವಳನ್ನೂ ಹಿಂದಿರುಗಿ ಹೋಗಿ ಕರೆಯಬೇಕಾಯಿತು.

ಆಗ ಸಾಹುಕಾರನಿಗೆ ಒಂದು ಉಪಾಯ ಹೊಳೆಯಿತು. ಪಾದ ತೊಳೆಯುವ ಮುಂಚೆ ಪಾದಗಳನ್ನು ತೊಳೆಸಿಬಿಡಬೇಕು. ಪೂಜಾವಸ್ತ್ರಗಳನ್ನು ಒಗೆದು ಇಸ್ತ್ರಿ ಮಾಡುವ ಹಿಂದಿನ ಕೋಣೆಯಲ್ಲಿ ನಲ್ಲಿಯಿದೆ, ಬಿಸಿನೀರಿದೆ. ಅಲ್ಲಿ ಸಾಬೂನು ಹಚ್ಚಿ, ತಿಕ್ಕಿ, ಉಗುರು ಕತ್ತರಿಸಿ ಕಳಿಸಿದರೆ ಬಲಿಪೀಠದ ಮುಂದೆ ಎರಡು ಹನಿ ನೀರು ಚಿಮುಕಿಸಿ ಒರೆಸಿದರಾಯಿತು, ಸಂಪ್ರದಾಯದಂತೆ ಪಾದಕ್ಕೆ ಮುತ್ತಿಡುವುದಕ್ಕೂ ಭಯವಿಲ್ಲ. ಇದನ್ನು ಫಾದರ್ ಮುಂದಿಟ್ಟಾಗ ಅವರು ಮೊದಲು ಅವನ ಮುಖ ನೋಡಿದರು. ಆಮೇಲೆ ಅವನ ಬೂಟು ನೋಡಿದರು.

"ಆಗ್ಲಿ," ಎಂದರು. "ಆದ್ರೆ ತೊಳೆಯೋರೂ ಬರಿಗಾಲಲ್ಲೇ ಇರ್ಬೇಕು. ನಿಮ್ಮ ಕಾಲೂ ಅಲ್ಲೇ ತೊಳೆಸ್ಕೊಂಡು ಬನ್ನಿ. ಹನ್ನೆರಡಲ್ಲ, ಹದಿಮೂರು ಜೊತೆ."

ಸಾಹುಕಾರನ ಮುಖ ಹುಳ್ಳಗಾಯಿತು. ಬರಿಗಾಲೆಂದರೆ ಹುಣ್ಣು ಊರಿಗೆಲ್ಲ ಕಾಣುತ್ತದೆ. ಬೇಡವೆಂದರೆ ಟವೆಲ್ ವಕೀಲರ ಹೆಗಲಿಗೆ ಹೋಗುತ್ತದೆ. ಎರಡು ರಾತ್ರಿ ಹೊರಳಾಡಿ, ಮೂರನೆಯ ದಿನ ಅಂಗಡಿಯ ಹೆಂಗಸರ ವಿಭಾಗದಿಂದ ಚರ್ಮದ ಬಣ್ಣದ ತೆಳು ಸಾಕ್ಸ್ ಒಂದು ಜೊತೆ ತಾನೇ ಎತ್ತಿಟ್ಟುಕೊಂಡ. ದೂರದಿಂದ ನೋಡಿದರೆ ಬರಿಗಾಲೇ. ದೇವರು ಹತ್ತಿರದಿಂದ ನೋಡುತ್ತಾನೆ ಎಂಬುದು ಅವನ ಲೆಕ್ಕದಲ್ಲಿರಲಿಲ್ಲ, ಅವನ ಚಿಂತೆ ಮೊದಲ ಮೂರು ಸಾಲಿನವರದು. ಇನ್ನು ಹಿಂದಿನ ಕೋಣೆಯ ಒಗೆಯುವ ಹೆಂಗಸಿಗೆ, ನನ್ನದು ಮನೆಯಲ್ಲೇ ಆಗಿದೆ, ತೊಳೆದೆನೆಂದು ಹೇಳಿಬಿಡು ಎಂದರೆ ಮುಗಿಯಿತು. ಹಳೆಯ ಒಗೆಯುವವಳು ಹಾಸಿಗೆ ಹಿಡಿದಿದ್ದರಿಂದ, ಎರಡು ತಿಂಗಳ ಹಿಂದೆ ಗಂಟೆ ಮಾಮ ಬೇರೊಬ್ಬಳನ್ನು ಗೊತ್ತು ಮಾಡಿದ್ದು ಮಂಡಳಿಯ ಅಧ್ಯಕ್ಷನಾದ ಅವನಿಗೆ ತಿಳಿದಿರಲಿಲ್ಲ. ಅಷ್ಟು ಸಣ್ಣ ವಿಷಯಗಳು ಅವನವರೆಗೆ ಏರಿ ಬರುತ್ತಿರಲಿಲ್ಲ.

ಗುರುವಾರ ಸಂಜೆ ಚರ್ಚು ತುಂಬಿತ್ತು. ಬಲಿಪೀಠದ ಮುಂದೆ ಹನ್ನೆರಡು ಕುರ್ಚಿ, ಸಾಹುಕಾರ ತಂದುಕೊಟ್ಟ ಹೊಳೆಯುವ ಹೊಸ ಬೋಗುಣಿ, ಪಕ್ಕದಲ್ಲಿ ಫೋಟೋದವನು. ಹಿಂದಿನ ಕೋಣೆಯಿಂದ ಬಡವರು ಒಬ್ಬೊಬ್ಬರಾಗಿ ಬಂದರು. ಕಲ್ಲು ಒಡೆಯುವವನು ತನ್ನ ಕಾಲನ್ನು ತಾನೇ ಗುರುತು ಸಿಗದವನಂತೆ ಬಗ್ಗಿ ಬಗ್ಗಿ ನೋಡಿಕೊಳ್ಳುತ್ತಿದ್ದ. ಬಿರುಕುಗಳಿಗೆ ಯಾರೋ ಎಣ್ಣೆ ಸವರಿದ್ದರು. ಅದು ಸಾಹುಕಾರನ ಪಟ್ಟಿಯಲ್ಲಿ ಇರಲಿಲ್ಲ.

ಗಂಟೆ ಮಾಮ ಬಂದು, ನಿಮ್ಮದೊಂದೇ ಬಾಕಿ ಎಂದ. ಸಾಹುಕಾರ ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

ಹಗ್ಗದ ಮೇಲೆ ಬಿಳಿ ನಿಲುವಂಗಿಗಳು ನೇತಾಡುತ್ತಿದ್ದವು. ಅವುಗಳ ಹಿಂದೆ ಯಾರೋ ಗಿಡ್ಡ ಸ್ಟೂಲಿನ ಮೇಲೆ ಕೂತು ಬಕೆಟ್ಟಿನಿಂದ ಬಿಸಿನೀರು ಬಗ್ಗಿಸಿಕೊಳ್ಳುತ್ತಿದ್ದರು. ಬಟ್ಟೆಗಳ ಕೆಳಗೆ ಅವನಿಗೆ ಕಂಡದ್ದು ಪಾದಗಳು ಮಾತ್ರ. ಅಭ್ಯಾಸಬಲದಿಂದ ನಂಬರ್ ಮನಸ್ಸಿಗೆ ಬಂತು. ನಾಲ್ಕು. ನೀಲಿ ಹವಾಯಿ ಚಪ್ಪಲಿ, ಹೆಬ್ಬೆರಳ ಮೇಲೆ ಹತ್ತಿ ಕೂತ ಎರಡನೆಯ ಬೆರಳು. ಅವನು ಗಕ್ಕನೆ ತಿರುಗಿದ. ಬಾಗಿಲ ಚಿಲಕಕ್ಕೆ ಕೈಹಾಕಿದ.

"ಕೂತ್ಕೋ," ಎಂದಳು ಅಕ್ಕ. "ಹದಿಮೂರು ಜೊತೆ ಅಂತ ಹೇಳಿದ್ರು. ಹನ್ನೆರಡಾಯ್ತು."

ಅವಳಿಗೆ ಕೂದಲು ಪೂರ್ತಿ ನೆರೆತಿತ್ತು. ಅವನು ನಿಂತೇ ಇದ್ದ. ತನ್ನ ಕಾಲನ್ನು ಅವಳು ತೊಳೆಯುವುದು ಬೇಡವೇ ಬೇಡ ಎಂದ. ಇಷ್ಟು ಹೊತ್ತು ಹನ್ನೆರಡು ಜನರ ಮುಂದೆ ಮಂಡಿಯೂರಲು ತುದಿಗಾಲಲ್ಲಿ ನಿಂತಿದ್ದವನಿಗೆ, ಒಬ್ಬಳ ಮುಂದೆ ಕೂತು ಕಾಲು ಚಾಚುವುದು ಸಾಯುವಷ್ಟು ಕಷ್ಟವಾಯಿತು. ತೊಳೆಯುವವನು ಬಗ್ಗಿದರೂ ಸಾಹುಕಾರನೇ, ಎಲ್ಲರೂ ಅವನನ್ನೇ ನೋಡುತ್ತಾರೆ. ತೊಳೆಸಿಕೊಳ್ಳುವವನ ಬಳಿ ಕೊಳೆ ಬಿಟ್ಟು ತೋರಿಸುವುದಕ್ಕೆ ಏನಿರುತ್ತದೆ? ಅವನು ಮನೆಯಲ್ಲೇ ತೊಳೆದುಕೊಂಡು ಬಂದಿದ್ದೇನೆ ಎಂದು ತೊದಲಿದ.

"ಸುಳ್ಳು ಹೇಳ್ಬೇಡ. ಬಾಗಿಲು ತೆಗೆದಾಗ್ಲೇ ವಾಸನೆ ಬಂತು," ಎಂದಳು ಅವಳು. "ನೀನು ಕುಂಟೋದನ್ನ ಮೂರು ಭಾನುವಾರದಿಂದ ನೋಡ್ತಿದೀನಿ. ಕೊಡು ಕಾಲು."

ಮೂರು ಭಾನುವಾರದಿಂದ ಅವನನ್ನು ಊರೆಲ್ಲ ನೋಡಿತ್ತು. ಮೊದಲ ಬೆಂಚು, ಹೊಸ ಬೂಟು, ಎಲ್ಲವನ್ನೂ ನೋಡಿತ್ತು. ಕುಂಟುವುದನ್ನು ನೋಡಿದವಳು ಇವಳೊಬ್ಬಳೇ, ಅದೂ ಹಿಂದಿನ ಕೋಣೆಯ ಕಿಟಕಿಯಿಂದ. ಸಾಹುಕಾರ ಗೋಡೆ ಬದಿಯ ಬೆಂಚಿನ ಮೇಲೆ ಕುಸಿದು ಕೂತ.

ಅವಳು ಬಲಗಾಲಿನ ಬೂಟು ಕಳಚಿದಳು. ಒಳಗಿನ ಹೆಂಗಸರ ಸಾಕ್ಸ್ ನೋಡಿ ಒಂದು ಕ್ಷಣ ತಡೆದಳು. ಸಾಕ್ಸ್ ಹುಣ್ಣಿಗೆ ಅಂಟಿಕೊಂಡಿತ್ತು. ಬಿಸಿನೀರನ್ನು ತಣ್ಣೀರಿನಿಂದ ಹದ ಮಾಡಿ, ಮೊಣಕೈಯಿಂದ ಮುಟ್ಟಿ ನೋಡಿ, ಸ್ವಲ್ಪ ಸ್ವಲ್ಪವೇ ನೆನೆಸಿ ಬಿಡಿಸಿದಳು. ಕಾಲಡಿಯ ಹಳೇ ಬೋಗುಣಿಯ ನೀರು ಕೆಂಪಗೆ ಕಲಕಿಹೋಯಿತು. ಕಲ್ಲು ಒಡೆಯುವವನದು, ಹಮಾಲಿಯದು, ಗುಡಿಸುವವಳದು, ಅಂದು ಆ ಸ್ಟೂಲಿನ ಮುಂದೆ ಬಂದ ಹದಿಮೂರು ಜೊತೆ ಪಾದಗಳಲ್ಲಿ ಎಲ್ಲಕ್ಕಿಂತ ಬಡವಾದದ್ದು ಇದೇ. ಊರು ಸುತ್ತಿ ಆರಿಸುವಾಗ ಕಾರಿನಲ್ಲೇ ಇದ್ದುದರಿಂದ ಸಾಹುಕಾರನ ಕಣ್ಣಿಗೆ ಬಿದ್ದಿರಲಿಲ್ಲ.

ಹೊರಗೆ ಗಂಟೆ ಮೊಳಗಿತು. ಗಂಟೆ ಮಾಮ ಬಾಗಿಲು ತಟ್ಟಿದಾಗ ಅವಳೇ, ಇವರು ಬರುವುದಿಲ್ಲ, ಬೇರೆಯವರನ್ನು ನೋಡಿಕೊಳ್ಳಿ ಎಂದು ಹೇಳಿ ಕಳಿಸಿದಳು. ಬರುತ್ತೇನೆ ಎಂದು ಎದ್ದೇಳಲು ಸಾಹುಕಾರನಿಗೆ ಆಸೆಯೇನೋ ಆಯಿತು, ಪಾದ ಅವಳ ಎರಡು ಕೈಗಳ ನಡುವೆ ಇತ್ತು. ಗೋಡೆಯಾಚೆ ವಾದ್ಯದ ದನಿ ಎದ್ದಿತು. ಟವೆಲ್ ವಕೀಲರ ಹೆಗಲೇರಿದ್ದು ಅವನಿಗೆ ಕಾಣದಿದ್ದರೂ ಕಣ್ಣಿಗೆ ಕಟ್ಟಿತು. ಆಶ್ಚರ್ಯವೆಂದರೆ ಅದರಿಂದ ಹೊಟ್ಟೆ ಉರಿಯಲಿಲ್ಲ. ಅವಳ ಹೆಬ್ಬೆರಳು ತನ್ನ ಹಿಮ್ಮಡಿಯನ್ನು ಹಿಡಿದಿದ್ದ ರೀತಿ ಅವನಿಗೆ ನೆನಪಿತ್ತು. ಸಣ್ಣವನಿದ್ದಾಗ ಕೆಸರು ತುಳಿದು ಬಂದರೆ ಹೀಗೇ ಹಿಡಿದು ತೊಳೆಯುತ್ತಿದ್ದಳು. ಅವನಿಗೆ ಅಳು ಬಂತು, ತಡೆದುಕೊಳ್ಳಲಿಲ್ಲ.

"ಆವತ್ತು ಅಂಗಡಿ ದಿನ ನಾನು..." ಎಂದು ಶುರು ಮಾಡಿದ.

"ಕಾಲು ಅಲ್ಲಾಡಿಸ್ಬೇಡ," ಎಂದಳು ಅವಳು.

ಒಗೆದ ಬಿಳಿ ಬಟ್ಟೆ ಹರಿದು ಪಟ್ಟಿ ಕಟ್ಟಿದಳು. ಪೂಜೆ ಮುಗಿದ ತಕ್ಷಣ ಆಸ್ಪತ್ರೆಗೆ ಹೋಗಬೇಕು, ನಾಳೆ ಎಂದರೆ ಬೆರಳು ಹೋಗುತ್ತದೆ, ನಾಡಿದ್ದು ಎಂದರೆ ಕಾಲು ಹೋಗುತ್ತದೆ ಎಂದು, ಒಗೆಯಬೇಕಾದ ಬಟ್ಟೆಗಳನ್ನು ಎಣಿಸುವ ದನಿಯಲ್ಲೇ ಹೇಳಿದಳು. ಕ್ಷಮಿಸಿದೆ ಎನ್ನಲಿಲ್ಲ, ಕ್ಷಮಿಸಲಿಲ್ಲ ಎಂದೂ ಅನ್ನಲಿಲ್ಲ. ಮಿಕ್ಕ ಕೊಳೆನೀರನ್ನು ಮೋರಿಗೆ ಸುರಿದು ಬಂದಳು.

ಅಷ್ಟರಲ್ಲಿ ಚರ್ಚಿನೊಳಗೆ ಇನ್ನೊಂದು ಪವಾಡ ನಡೆದುಹೋಗಿತ್ತು. ಸಾಹುಕಾರರು ಬರುವುದಿಲ್ಲವಂತೆ ಎಂದು ಗಂಟೆ ಮಾಮ ಪಿಸುಗುಟ್ಟಿದ್ದು ಒಂದು ಬೆಂಚಿನಿಂದ ಇನ್ನೊಂದು ಬೆಂಚಿಗೆ ಹೋಗುತ್ತಾ ಬೆಳೆದಿತ್ತು. ಹೊಸ ಬೋಗುಣಿ ತಂದುಕೊಟ್ಟು, ಬಡವರನ್ನು ತಾನೇ ಹುಡುಕಿ ತಂದು, ಕೊನೆಯ ಗಳಿಗೆಯಲ್ಲಿ ಹೆಸರು ಬೇಡವೆಂದು ಹಿಂದಿನ ಕೋಣೆಯಲ್ಲಿ ಅಡಗಿ ಕೂತಿದ್ದಾನಂತೆ, ಎಂಥ ದೀನತೆ ಎಂದು ಜನ ಕಣ್ಣೊರೆಸಿಕೊಂಡರು. ಮುಂದೆ ಬಿಗಿ ಪ್ಯಾಂಟಿನಲ್ಲಿ ಬಗ್ಗಿ ಏಳಲಾರದೆ ಒದ್ದಾಡುತ್ತಿದ್ದ ವಕೀಲರ ಕಡೆ ಯಾರೂ ನೋಡಲಿಲ್ಲ. ಫೋಟೋದವನೂ ಸಾಹುಕಾರ ಎಲ್ಲಿ ಎಂದು ಕತ್ತು ಉದ್ದ ಮಾಡುತ್ತಿದ್ದ.

ಪೂಜೆ ಮುಗಿದದ್ದೇ ವಕೀಲರು, ಹಿಂದೆ ನಾಲ್ಕೈದು ಜನ, ಕೊನೆಗೆ ಕೋಲೂರಿಕೊಂಡು ಫಾದರ್, ಹಿಂದಿನ ಕೋಣೆಗೆ ಬಂದರು. ಈ ಸಲವೂ ನೀವೇ ಗೆದ್ದಿರಿ ಎಂದು ವಕೀಲರು ಹಲ್ಲು ಕಚ್ಚಿಕೊಂಡು ಅಭಿನಂದಿಸಿದರು. ತೊಳೆಯುವುದು ಯಾರಿಂದಲೂ ಆಗುತ್ತದೆ, ಬಿಟ್ಟುಕೊಡುವುದಕ್ಕೆ ನಿಮ್ಮಂಥ ಮನಸ್ಸು ಬೇಕು ಎಂದು ಇನ್ನೊಬ್ಬರು ಸೇರಿಸಿದರು. ಫೋಟೋದವನು ಕ್ಯಾಮೆರಾ ಎತ್ತಿದ. ಸಾಹುಕಾರ ಪಟ್ಟಿ ಕಟ್ಟಿದ ಕಾಲನ್ನು ಬೆಂಚಿನ ಕೆಳಗೆ ಎಳೆದುಕೊಂಡ. ಬಟ್ಟೆ ಹಿಂಡುತ್ತಿದ್ದವಳ ಮೇಲೆ ವಕೀಲರ ಕಣ್ಣು ಬಿತ್ತು.

"ಯಾರಿವರು?" ಎಂದು ಕೇಳಿದರು.

ಸಾಹುಕಾರ ಬಾಯಿ ತೆರೆಯುವ ಮೊದಲೇ ಅವಳು ತಲೆಯೆತ್ತದೆ ಉತ್ತರ ಕೊಟ್ಟಳು. "ನಾನು ಇವರ ಹಳೇ ಬೀದಿಯವಳು."

ವ್ಯಂಗ್ಯವಿರಲಿಲ್ಲ ಆ ಮಾತಿನಲ್ಲಿ. ತಮ್ಮನಿಗೆ ಕಷ್ಟವಾಗದಿರಲಿ ಎಂದು, ಅವನು ಬಿಸಾಡಿದ್ದನ್ನೇ ಎತ್ತಿಟ್ಟುಕೊಂಡು ಈಗ ಒಗೆದು ಮಡಿಸಿ ಕೊಟ್ಟಂತಿತ್ತು. ಸುಮ್ಮನಿದ್ದರೆ ಸಾಕಿತ್ತು. ಇಪ್ಪತ್ತು ವರ್ಷದಿಂದ ಬೆಂಚು, ತಗಡು, ಬೋಗುಣಿ ಎಂದು ಸುರಿದರೂ ಸಿಗದಿದ್ದ ದೀನನೆಂಬ ಕೀರ್ತಿ ಇಂದು ಪುಕ್ಕಟೆಯಾಗಿ, ಕೂತಲ್ಲಿಗೇ ಬಂದಿತ್ತು. ಬಾಯಿ ಮುಚ್ಚಿಕೊಂಡು ತಲೆ ತಗ್ಗಿಸುವುದಷ್ಟೇ ಅವನು ಮಾಡಬೇಕಾಗಿದ್ದ ಕೆಲಸ, ಅದರಲ್ಲಿ ಅವನು ನಿಪುಣ. ಅವನು ತಲೆ ತಗ್ಗಿಸಿಯೂಬಿಟ್ಟ. ತಗ್ಗಿಸಿದ ತಲೆಗೆ ಎದುರಾಗಿ ಕಂಡದ್ದು ಆ ನಾಲ್ಕನೇ ನಂಬರಿನ ಪಾದ, ಸೊಟ್ಟ ಬೆರಳು, ನೀಲಿ ಚಪ್ಪಲಿ. ಆ ಬೆರಳನ್ನು ಸೊಟ್ಟ ಮಾಡಿದ್ದು ಶಾಲೆಯ ದಿನಗಳಲ್ಲಿ ತನ್ನ ಕಾಲಲ್ಲಿದ್ದ ಹೊಸ ಬೂಟು ಎಂಬುದು ಅವನಿಗೆ ಗೊತ್ತಿತ್ತು. ಮೂರು ಅಂತಸ್ತಿನ ಅಂಗಡಿಯಿಂದ ಆ ಪಾದಕ್ಕೆ ಒಂದು ಜೊತೆಯೂ ಹೋಗಿರಲಿಲ್ಲ.

"ಅಲ್ಲ," ಎಂದ. ತಲೆಯೆತ್ತಿ ಮತ್ತೆ ಹೇಳಿದ. "ಅಲ್ಲ, ನಮ್ಮಕ್ಕ ಇವಳು. ನನ್ನ ಕಾಲು ಕೊಳೀತಿದೆ ವಕೀಲ್ರೇ, ಮುಚ್ಚಿಟ್ಕೊಂಡಿದ್ದೆ. ಅಕ್ಕ ತೊಳೀತಿದ್ಲು, ಅದಕ್ಕೇ ಬರ್ಲಿಲ್ಲ. ದೀನತೆ ಗೀನತೆ ಏನಿಲ್ಲ."

ಬೆಂಚಿನ ಕೆಳಗಿನಿಂದ ಕಾಲು ಹೊರಗೆ ಚಾಚಿದ. ವಕೀಲರು ಎರಡು ಹೆಜ್ಜೆ ಹಿಂದೆ ಸರಿದು ಕರವಸ್ತ್ರ ಮೂಗಿಗೆ ಹಿಡಿದರು. ಬಂದವರೆಲ್ಲ ಒಂದೊಂದು ಕೆಲಸ ನೆನಪು ಮಾಡಿಕೊಂಡು ಹೊರಟರು. ಫೋಟೋದವನು ಕ್ಯಾಮೆರಾ ಇಳಿಸಿ ಚೀಲಕ್ಕೆ ಹಾಕಿದ. ಫಾದರ್ ಮಾತ್ರ ಬಾಗಿಲಲ್ಲಿ ನಿಂತು, ಆಸ್ಪತ್ರೆಗೆ ಫೋನ್ ಮಾಡುತ್ತೇನೆ ಎಂದರು.

ಅಕ್ಕ ಆಗಲೇ ಹಿಂಡಿದ್ದ ಬಟ್ಟೆಯನ್ನು ಇನ್ನೊಮ್ಮೆ ಹಿಂಡಿದಳು. ಆಮೇಲೆ ಅದನ್ನು ಕೊಡವಿ ಹಗ್ಗದ ಮೇಲೆ ಹಾಕಿ, ಸೆರಗಿನಿಂದ ಮುಖ ಒರೆಸಿಕೊಂಡಳು.

ಪಟ್ಟಿ ಕಟ್ಟಿದ ಕಾಲಿಗೆ ಚೂಪು ಮೂತಿಯ ಬೂಟು ಹತ್ತಲಿಲ್ಲ. ಅವಳು ತನ್ನ ಬಲಗಾಲಿನ ಚಪ್ಪಲಿ ಕಳಚಿ ಅವನ ಮುಂದೆ ತಳ್ಳಿದಳು. ಚಿಕ್ಕದಾಗುತ್ತದೆ, ನನ್ನದು ಎಂಟು ಎಂದು ಅವನು ಹೇಳಿದ. ಇಷ್ಟು ವರ್ಷ ನಾನು ಚಿಕ್ಕದರಲ್ಲೇ ನಡೆದಿಲ್ಲವೆ, ಆಸ್ಪತ್ರೆವರೆಗೆ ನಡಿ ಎಂದು ಅವಳು ಗದರಿದಳು. ಹಿಮ್ಮಡಿ ಅರ್ಧ ಹೊರಗೆ ಚಾಚಿಕೊಂಡ ನೀಲಿ ಚಪ್ಪಲಿಯಲ್ಲಿ, ಮುಚ್ಚುಮರೆಯಿಲ್ಲದೆ ಕುಂಟುತ್ತಾ, ಬೂಟು ಸಾಹುಕಾರ ಅಕ್ಕನ ಹೆಗಲು ಹಿಡಿದುಕೊಂಡು ಜನರ ನಡುವೆಯೇ ಹಾದು ಹೊರಗೆ ಬಂದ. ಅವಳು ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದು ಬರಿಗಾಲು, ಕೈಯಲ್ಲಿ ಅವನ ಬೂಟು ಹಿಡಿದುಕೊಂಡು ಜೊತೆಗೆ ನಡೆದಳು.